ಹದಿನೇಳನೇ ಲೂಯಿ ಎಲ್ಲಿ ಹೋದ?

ಪ್ರಶ್ನೆ ಕೇಳಿದವನು ಆಲೆಮನೆಯವರ ಮಗ. 1989ನೇ ಇಸವಿ. ಶ್ರೀರಂಗಪಟ್ಟಣದಿಂದ ಪಾಂಡವಪುರದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿಯ ಹೈಸ್ಕೂಲು. ಒಂಬತ್ತನೇ ತರಗತಿಗೆ ಸಮಾಜ ಪಾಠ ನನ್ನದು. ಫ್ರೆಂಚ್ ಕ್ರಾಂತಿಗೆ ಇನ್ನೂರು ವರ್ಷ ತುಂಬಿತೆಂದು ಪತ್ರಿಕೆಗಳಲ್ಲಿ ಲೇಖನಗಳು ಬರುತ್ತಿದ್ದ ಕಾಲ. ಆ ಹುರುಪಿನಲ್ಲಿ ನಾನು ಬೋರ್ಡಿನ ಮೇಲೆ ಬೂರ್ಬನ್ ದೊರೆಗಳ ಹೆಸರುಗಳನ್ನು ಒಂದರ ಕೆಳಗೊಂದು ಬರೆದಿದ್ದೆ. ಹದಿನಾಲ್ಕನೇ ಲೂಯಿ, ಹದಿನೈದನೇ ಲೂಯಿ, ಹದಿನಾರನೇ ಲೂಯಿ. ಅಲ್ಲಿ ಒಂದು ಗೆರೆ ಎಳೆದು ಕ್ರಾಂತಿ. ಆಮೇಲೆ ನೆಪೋಲಿಯನ್. ಅದರ ಕೆಳಗೆ ಹದಿನೆಂಟನೇ ಲೂಯಿ. ಕೊನೆಯ ಬೆಂಚಿನಿಂದ ಅವನು ಎದ್ದು ನಿಂತ.

"ಸಾ, ಹದಿನೇಳ್ನೇ ಲೂಯಿ ಎಲ್ಲೋದ?"

ದಿನಾ ಬೆಳಿಗ್ಗೆ ಬೆಲ್ಲದ ಅಚ್ಚು ಎಣಿಸಿಟ್ಟು ಸ್ಕೂಲಿಗೆ ಬರುತ್ತಿದ್ದ ಹುಡುಗ ಅವನು. ಲೆಕ್ಕದಲ್ಲಿ ಒಂದು ಅಚ್ಚು ತಪ್ಪಿದರೂ ಅವರಪ್ಪ ಸುಮ್ಮನಿರುತ್ತಿರಲಿಲ್ಲ. ಇಡೀ ತರಗತಿ ಬೋರ್ಡು ನೋಡಿ ಬರೆದುಕೊಳ್ಳುತ್ತಿದ್ದಾಗ ಇವನು ಮಾತ್ರ ಎಣಿಸಿದ್ದ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯವೂ ಆ ವಯಸ್ಸಿನಲ್ಲಿ ಇರಲಿಲ್ಲ. "ಅದು ಪರೀಕ್ಷೆಗೆ ಬರೋದಿಲ್ಲ, ಕೂತ್ಕೊ" ಅಂದೆ. ಹುಡುಗರು ನಕ್ಕರು. ಅವನು ಕೂತ.

ನಿವೃತ್ತನಾದ ಮೇಲೆ ಮಗಳು ಪ್ಯಾರಿಸ್ಸಿಗೆ ಕರೆಸಿಕೊಂಡಳು. ಅಲ್ಲಿ ಅವಳಿಗೆ ಕೆಲಸ. ಐಫೆಲ್ ಗೋಪುರ, ನದಿಯ ದೋಣಿ, ಎಲ್ಲಕ್ಕೂ ಟಿಕೆಟ್ ತೆಗೆದಿಟ್ಟಿದ್ದಳು. ನಾನು ಮೊದಲು ಸ್ಯಾಂ ದೆನಿಗೆ ಹೋಗೋಣ ಅಂದೆ. "ಅಷ್ಟು ದೂರದಿಂದ ಬಂದು ಸ್ಮಶಾನ ನೋಡ್ತೀರಾ ಅಪ್ಪ?" ಎಂದು ನಕ್ಕಳು. ಆದರೂ ಕರೆದುಕೊಂಡು ಹೋದಳು. ಮೆಟ್ರೋದ 13ನೇ ಲೈನು, ನಗರದ ಉತ್ತರದ ಅಂಚು. ಮೇಲೆ ಬಂದರೆ ಸಂತೆ: ಕೊತ್ತಂಬರಿ ಕಟ್ಟು, ಬೆಂಡೆಕಾಯಿ, ಮೀನು, ಬಣ್ಣದ ಬಟ್ಟೆ, ಕೂಗಾಟ. ಮಾರುವವರಲ್ಲೂ ಕೊಳ್ಳುವವರಲ್ಲೂ ಅಲ್ಜೀರಿಯಾ, ಮಾಲಿ, ಸೆನೆಗಲ್ ಕಡೆಯಿಂದ ಬಂದವರ ಮಕ್ಕಳು ಮೊಮ್ಮಕ್ಕಳೇ ಬಹಳ. ಸಂತೆಯನ್ನು ದಾಟಿದರೆ ಒಂದೇ ಗೋಪುರದ ದೊಡ್ಡ ಇಗರ್ಜಿ. ಫ್ರಾನ್ಸನ್ನು ಆಳಿದ ನಲವತ್ತಕ್ಕೂ ಹೆಚ್ಚು ರಾಜರನ್ನು ಹೂತ ಜಾಗ ಅದು.

ಒಳಗೆ ಕಲ್ಲಿನ ಮಂಚಗಳ ಸಾಲು. ಮಂಚದ ಮೇಲೆ ಅಂಗಾತ ಮಲಗಿದ ರಾಜರಾಣಿಯರು. ಬಹಳ ಮಂದಿಯ ಕೈ ಎದೆಯ ಮೇಲೆ, ರಾಜರ ಪಾದದ ಬಳಿ ಸಿಂಹ, ರಾಣಿಯರ ಪಾದದ ಬಳಿ ನಾಯಿ. ಊರ ಕೆರೆಯ ಏರಿಯ ಮೇಲೆ ವೀರಗಲ್ಲು ಮಾಸ್ತಿಕಲ್ಲು ನೋಡಿ ಬೆಳೆದವನಿಗೆ ಕಲ್ಲಿನಲ್ಲಿ ಸತ್ತವರನ್ನು ನಿಲ್ಲಿಸುವುದು ಹೊಸತಲ್ಲ. ಆದರೆ ನಮ್ಮ ಕಲ್ಲುಗಳು ಸತ್ತ ಬಗೆಯನ್ನು ಹೇಳುತ್ತವೆ: ಹುಲಿಯ ಕೂಡ ಹೋರಾಡಿ, ದನ ಬಿಡಿಸಲು ಹೋಗಿ, ಹೀಗೆ. ಇಲ್ಲಿನ ಕಲ್ಲುಗಳು ಸುಮ್ಮನೆ ಮಲಗಿವೆ. ಅವಕ್ಕೆ ಹೇಳಬೇಕಾದದ್ದು ಒಂದೇ: ನಾನು ಸಾಲಿನಲ್ಲಿದ್ದೇನೆ, ನನ್ನ ಹಿಂದೆ ಒಬ್ಬನಿದ್ದ, ಮುಂದೆ ಒಬ್ಬ ಬರುತ್ತಾನೆ. ನಾನೂ ಆಲೆಮನೆಯ ಹುಡುಗನ ಹಾಗೆ ಎಣಿಸುತ್ತಾ ಹೋದೆ. ಎಣಿಸಿದಷ್ಟೂ ಲೆಕ್ಕ ತಪ್ಪುತ್ತಿತ್ತು. ತಪ್ಪು ನನ್ನದಲ್ಲ, ಲೆಕ್ಕ ಬರೆದವರದ್ದು ಎಂದು ತಿಳಿಯಲು ಆ ದಿನವೆಲ್ಲ ಬೇಕಾಯಿತು.

ಮೊದಲನೆಯ ಎಡವಟ್ಟು ಕ್ಲೋವಿಸ್‌ನದೇ. ಫ್ರಾಂಕ್ ಎಂಬ ಜರ್ಮನ್ ಬುಡಕಟ್ಟಿನ ದೊರೆ. 500ರ ಆಸುಪಾಸಿನ ಒಂದು ಕ್ರಿಸ್‌ಮಸ್ ದಿನ ರೀಮ್ಸ್ ಊರಿನಲ್ಲಿ ಬಿಷಪ್ ರೆಮಿಯ ಕೈಯಿಂದ ದೀಕ್ಷಾಸ್ನಾನ ಪಡೆದ, 511ರಲ್ಲಿ ಪ್ಯಾರಿಸ್ಸಿನಲ್ಲಿ ಸತ್ತ. ಕ್ಲೋವಿಸ್ ಎನ್ನುವುದೂ ಲೂಯಿ ಎನ್ನುವುದೂ ಒಂದೇ ಹೆಸರು. ಕ್ಲೋಡೊವೆಕ್ ಎಂಬುದರ ಮುಂದಿನ ಉಚ್ಚಾರ ಸವೆದು ಲುಡೋವಿಕಸ್ ಆಯಿತು, ಅದು ಇನ್ನೂ ಸವೆದು ಲೂಯಿ ಆಯಿತು. ಹಾಗಿದ್ದರೆ ಒಂದನೇ ಲೂಯಿ ಇವನೇ ಆಗಬೇಕಿತ್ತಲ್ಲ? ಅಲ್ಲ. ಫ್ರಾನ್ಸಿನ ಲೆಕ್ಕದಲ್ಲಿ ಒಂದನೇ ಲೂಯಿ ಎಂದರೆ ಶಾರ್ಲಮೇನ್‌ನ ಮಗ, 814ರಲ್ಲಿ ಪಟ್ಟಕ್ಕೆ ಬಂದವನು. ಕ್ಲೋವಿಸ್ ಹೆಸರಿನವರು ಅದಕ್ಕೆ ಮುಂಚೆ ಮೂವರಾದರೂ ಇದ್ದರು. ಅವರನ್ನೂ ಸೇರಿಸಿದ್ದರೆ ಗಿಲೋಟಿನ್‌ಗೆ ತಲೆ ಕೊಟ್ಟವನು ಹತ್ತೊಂಬತ್ತನೇ ಲೂಯಿ ಆಗುತ್ತಿದ್ದ. ಇಲ್ಲಿ ಮಲಗಿರುವ ಕ್ಲೋವಿಸ್‌ನ ಕಲ್ಲು ಕೂಡ ಈ ಇಗರ್ಜಿಯದಲ್ಲ. ಅವನು ಸತ್ತು ಏಳುನೂರು ವರ್ಷವಾದ ಮೇಲೆ ಇನ್ನೊಂದು ಮಠದಲ್ಲಿ ಕಡೆದದ್ದನ್ನು ಕ್ರಾಂತಿಯ ನಂತರ ಇಲ್ಲಿಗೆ ತಂದಿಟ್ಟರು.

ಅಂದ ಹಾಗೆ, ನಮ್ಮ ಭಾಷೆಯಲ್ಲಿ ದೊರೆಗಳನ್ನು ಎಣಿಸುವ ರೀತಿ ನನಗೆ ಹೆಚ್ಚು ಇಷ್ಟ. ಇಮ್ಮಡಿ ಪುಲಿಕೇಶಿ, ಮುಮ್ಮಡಿ ಕೃಷ್ಣರಾಜ ಒಡೆಯರು, ನಾಲ್ವಡಿ. ಎರಡನೆಯವನಲ್ಲ, ಎರಡು ಪಟ್ಟು ಎಂಬ ಧ್ವನಿ ಅದರಲ್ಲಿದೆ. ಹದಿನಾರು ಪಟ್ಟು ಲೂಯಿ ಎಂದು ಹೇಳಬೇಕಾಗಿ ಬರಲಿಲ್ಲವಲ್ಲ, ನಮ್ಮ ಪುಣ್ಯ.

ಕ್ಲೋವಿಸ್‌ನ ವಂಶದವರಿಗೆ ಉದ್ದ ಕೂದಲೇ ಕಿರೀಟ. ಕತ್ತರಿಸಿದರೆ ರಾಜತ್ವ ಹೋದಂತೆ. 8ನೇ ಶತಮಾನದ ಹೊತ್ತಿಗೆ ಅವರಲ್ಲಿ ಉಳಿದಿದ್ದದ್ದೂ ಕೂದಲೊಂದೇ. ಆಡಳಿತವೆಲ್ಲ ಅರಮನೆಯ ಮೇಲ್ವಿಚಾರಕರ ಕೈಗೆ ಹೋಗಿತ್ತು. ಆ ಮೇಲ್ವಿಚಾರಕರ ಮನೆಯ ಪೆಪಿನ್, ಜನ ಗಿಡ್ಡ ಪೆಪಿನ್ ಎನ್ನುತ್ತಿದ್ದವನು, ಪೋಪ್‌ಗೆ ಹೇಳಿ ಕಳಿಸಿ ಒಂದು ಪ್ರಶ್ನೆ ಕೇಳಿಸಿದ: ರಾಜ ಎಂಬ ಹೆಸರಿದ್ದೂ ಅಧಿಕಾರವಿಲ್ಲದವನು ರಾಜನೋ, ಅಧಿಕಾರವಿರುವವನು ರಾಜನೋ? ಇಂಥ ಪ್ರಶ್ನೆಯನ್ನು ಉತ್ತರ ಗೊತ್ತಿದ್ದೇ ಕೇಳುವುದು. 751ರಲ್ಲಿ ಮೂರನೇ ಚಿಲ್ಡರಿಕ್‌ನ ತಲೆ ಬೋಳಿಸಿ ಮಠಕ್ಕೆ ಕಳಿಸಿದರು. ಪೆಪಿನ್‌ನ ತಲೆಗೆ ಪಟ್ಟಾಭಿಷೇಕದ ಎಣ್ಣೆ ಬಿತ್ತು. ಮೂರು ವರ್ಷ ಬಿಟ್ಟು ಪೋಪ್ ತಾನೇ ಆಲ್ಪ್ಸ್ ದಾಟಿ ಬಂದು, ಇದೇ ಸ್ಯಾಂ ದೆನಿಯಲ್ಲಿ ಅವನಿಗೆ ಎರಡನೇ ಸಲ ಎಣ್ಣೆ ಹಚ್ಚಿದ. ಒಂದೇ ಕೆಲಸವನ್ನು ಎರಡು ಸಲ ಮಾಡಿಸಿಕೊಳ್ಳುವವನಿಗೆ ಒಳಗೆ ಅಳುಕಿದೆ ಎಂದೇ ಅರ್ಥ.

ಆ ಕಾಲದವರಿಗೆ ಅಂಕಿ ಬೇಕಿರಲಿಲ್ಲ; ನಮ್ಮ ಹಳ್ಳಿಗಳ ಹಾಗೆ ಅಡ್ಡಹೆಸರೇ ಗುರುತು. ಬೋಳ ಚಾರ್ಲ್ಸ್, ತೊದಲ ಲೂಯಿ, ದಪ್ಪ ಚಾರ್ಲ್ಸ್, ಮುಗ್ಧ ಚಾರ್ಲ್ಸ್. ಅಂಕಿ ಹಾಕುವ ಕಾಲ ಬಂದಾಗ ದಪ್ಪ ಚಾರ್ಲ್ಸ್‌ನನ್ನು ಬಿಟ್ಟುಬಿಟ್ಟರು. ಅವನು ಚಕ್ರವರ್ತಿ, 884ರಿಂದ ಫ್ರಾನ್ಸಿನ ನೆಲಕ್ಕೂ ಒಡೆಯ. ಆದರೆ ವೈಕಿಂಗರು ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿದಾಗ ಸೈನ್ಯ ತಂದೂ ಕಾದಾಡದೆ ಬೆಳ್ಳಿ ಕೊಟ್ಟು ಕಳಿಸಿದ. ಫ್ರಾನ್ಸಿನ ಪಟ್ಟಿಯಲ್ಲಿ ಮೂರನೇ ಚಾರ್ಲ್ಸ್ ಎಂದರೆ ಅವನಲ್ಲ, ಮುಗ್ಧ ಚಾರ್ಲ್ಸ್.

987ರಲ್ಲಿ ಮತ್ತೊಮ್ಮೆ ಮನೆ ಬದಲಾಯಿತು. ಪೆಪಿನ್‌ನ ಮಗ ಶಾರ್ಲಮೇನ್‌ನ ಸಂತತಿಯ ಕೊನೆಯ ರಾಜ ಬೇಟೆಯಲ್ಲಿ ಬಿದ್ದು ಸತ್ತಾಗ ದೊಡ್ಡ ದೊಡ್ಡ ಪಾಳೆಯಗಾರರೆಲ್ಲ ಸೇರಿ ಹ್ಯೂ ಕಾಪೆ ಎಂಬವನನ್ನು ಆರಿಸಿದರು. ಅವನ ಕೈಯಲ್ಲಿದ್ದದ್ದು ಪ್ಯಾರಿಸ್ ಸುತ್ತಮುತ್ತಲ ಒಂದಿಷ್ಟು ಜಮೀನು. ಅವನಿಗಿಂತ ದೊಡ್ಡ ಆಸ್ತಿಯ ಪಾಳೆಯಗಾರರು ಇದ್ದರು. ಹಾಗೆ ಆರಿಸಿ ಬಂದವನ ವಂಶ ಬೇರೂರಿದ್ದು ಎರಡು ಕಾರಣಕ್ಕೆ. ಒಂದು, ಮೊದಮೊದಲ ರಾಜರಲ್ಲಿ ಹೆಚ್ಚಿನವರು ತಾವು ಬದುಕಿರುವಾಗಲೇ ಮಗನಿಗೆ ಪಟ್ಟ ಕಟ್ಟಿಸಿಬಿಡುತ್ತಿದ್ದರು. ತಂದೆ ಸತ್ತಾಗ ಆರಿಸುವ ಮಾತೇ ಏಳುತ್ತಿರಲಿಲ್ಲ. ಇನ್ನೊಂದು ಕಾರಣ ಕೇವಲ ಅದೃಷ್ಟ. 987ರಿಂದ 1316ರವರೆಗೆ, 329 ವರ್ಷ, ಹನ್ನೆರಡು ರಾಜರು, ಒಬ್ಬನಾದ ಮೇಲೊಬ್ಬನಿಗೆ ಗಂಡುಮಗು ಹುಟ್ಟಿತು ಮತ್ತು ಬದುಕಿತು. ಆ ಕಾಲದ ಬಾಲಮರಣದ ಲೆಕ್ಕ ಹಾಕಿದರೆ ಇದನ್ನು ಫ್ರೆಂಚರು ಪವಾಡ ಎಂದು ಕರೆದದ್ದರಲ್ಲಿ ಆಶ್ಚರ್ಯವಿಲ್ಲ.

ಈ ಮನೆತನದವರಿಗೂ ಆ ಹಳೆಯ ಅಳುಕು ಹೋಗಿರಲಿಲ್ಲ. ಶಾರ್ಲಮೇನ್‌ನ ಮನೆಯಿಂದ ಕಸಿದುಕೊಂಡವರು ಎಂಬ ಮಾತು ಕಿವಿಗೆ ಬೀಳುತ್ತಲೇ ಇತ್ತು. 1263-64ರಲ್ಲಿ ಒಂಬತ್ತನೇ ಲೂಯಿ, ಮುಂದೆ ಸಂತ ಎನಿಸಿಕೊಂಡವನು, ಇಲ್ಲಿನ ಹಳೆಯ ಸಮಾಧಿಗಳನ್ನೆಲ್ಲ ತೆಗೆಸಿ, ಹದಿನಾರು ಹೊಸ ಪ್ರತಿಮೆಗಳನ್ನು ಕಡೆಸಿ, ಒಂದು ಕ್ರಮದಲ್ಲಿ ಮಲಗಿಸಿದ. ದಕ್ಷಿಣದ ಬದಿಗೆ ಕ್ಲೋವಿಸ್ ಮತ್ತು ಶಾರ್ಲಮೇನ್ ಮನೆಗಳವರು. ಉತ್ತರದ ಬದಿಗೆ ಹ್ಯೂ ಕಾಪೆಯ ಮನೆಯವರು. ಎರಡರ ನಡುವೆ ತನ್ನ ಅಜ್ಜ ಫಿಲಿಪ್ ಆಗಸ್ಟಸ್ ಮತ್ತು ತಂದೆ ಎಂಟನೇ ಲೂಯಿ. ನಡುವೆ ಅವರೇ ಏಕೆ? ಅಜ್ಜಿ ಇಸಬೆಲ್ ಶಾರ್ಲಮೇನ್‌ನ ಸಂತತಿಯವಳು. ಅವಳ ಮಗನಲ್ಲಿ ಎರಡೂ ರಕ್ತ ಕೂಡಿತು ಎಂದು ಸಾರುವ ಏರ್ಪಾಡು ಅದು. ಆ ಹದಿನಾರರಲ್ಲಿ ಚಾರ್ಲ್ಸ್ ಮಾರ್ಟೆಲ್‌ನದೂ ಒಂದು. ಅವನು ಗಿಡ್ಡ ಪೆಪಿನ್‌ನ ಅಪ್ಪ. ಅರಮನೆಯ ಮೇಲ್ವಿಚಾರಕನಾಗಿಯೇ ಸತ್ತವನು, ಒಂದು ದಿನವೂ ರಾಜನಾದವನಲ್ಲ. ಕಲ್ಲಿನಲ್ಲಿ ಮಾತ್ರ ಅವನ ತಲೆಯ ಮೇಲೆ ಕಿರೀಟವಿದೆ. ಎಲ್ಲ ಹದಿನಾರು ಮುಖಗಳೂ ಅಣ್ಣತಮ್ಮಂದಿರ ಹಾಗೆ ಒಂದೇ ಅಚ್ಚು. ಐನೂರು ವರ್ಷಗಳ ಅಂತರದಲ್ಲಿ ಬದುಕಿದವರನ್ನು ಒಂದೇ ಕಾಲದ ಶಿಲ್ಪಿಗಳು ಕೂತು ಕಡೆದರು. ಹೋಲದೆ ಏನು ಮಾಡಿಯಾರು? ಮೂರು ಮನೆಗಳನ್ನು ಒಂದು ಮನೆ ಮಾಡುವ ಈ ಕೆಲಸವನ್ನು ಯುದ್ಧ ಮಾಡಲಿಲ್ಲ, ಉಳಿ ಸುತ್ತಿಗೆ ಮಾಡಿದವು. ನನ್ನ ಬೋರ್ಡಿನ ಪಟ್ಟಿಯ ಮೂಲಪ್ರತಿ ಇದೇ ಎಂದು ಅಲ್ಲಿ ನಿಂತಾಗ ಅನ್ನಿಸಿತು.

ಅದೇ ಸುಮಾರಿನಲ್ಲಿ ಬಿರುದೂ ಬದಲಾಗಿತ್ತು. ಮೊದಲು ಅವರು ಫ್ರಾಂಕ್ ಜನರ ರಾಜರು. ಫಿಲಿಪ್ ಆಗಸ್ಟಸ್ ಕಾಲದಿಂದ, ಅಂದರೆ 12ನೇ ಶತಮಾನದ ಕೊನೆಯಿಂದ, ಫ್ರಾನ್ಸ್ ದೇಶದ ರಾಜ ಎನ್ನುವುದು ರೂಢಿಗೆ ಬರತೊಡಗಿತು. ಜನರ ಒಡೆಯ ನೆಲದ ಒಡೆಯನಾದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ಮೂಲೆಯಲ್ಲಿ ಪುಟ್ಟ ಮಗುವಿನ ಕಲ್ಲಿದೆ. ಒಂದನೇ ಜಾನ್. 1316ರ ಜೂನ್‌ನಲ್ಲಿ ಹತ್ತನೇ ಲೂಯಿ ಸತ್ತಾಗ ರಾಣಿ ಬಸುರಿ. ದೇಶ ಐದು ತಿಂಗಳು ಕಾದು ಕೂತಿತು. ನವೆಂಬರ್‌ನಲ್ಲಿ ಗಂಡುಮಗು ಹುಟ್ಟಿತು; ಹುಟ್ಟುತ್ತಲೇ ರಾಜ. ಐದು ದಿನಕ್ಕೆ ತೀರಿಕೊಂಡಿತು. ದಪ್ಪ ಚಾರ್ಲ್ಸ್‌ಗೆ ಸಿಗದ ಅಂಕಿ ಈ ಕೂಸಿಗೆ ಸಿಕ್ಕಿತು. ಆ ಮಗುವಿಗೆ ನಾಲ್ಕು ವರ್ಷದ ಅಕ್ಕ ಇದ್ದಳು, ಜಾನ್. ಹೌದು, ಕನ್ನಡದಲ್ಲಿ ಬರೆದರೆ ಅಕ್ಕತಮ್ಮ ಇಬ್ಬರ ಹೆಸರೂ ಒಂದೇ ಆಗುತ್ತದೆ. ಅವಳನ್ನು ಜಾನಳು ಅನ್ನೋಣ. ಪಟ್ಟ ಅವಳಿಗೆ ಹೋಗಬೇಕಿತ್ತು. ಚಿಕ್ಕಪ್ಪ ಫಿಲಿಪ್ ಬಿಡಲಿಲ್ಲ. ತಾನೇ ಪಟ್ಟಕ್ಕೇರಿ, 1317ರಲ್ಲಿ ಸಭೆ ಸೇರಿಸಿ, ಫ್ರಾನ್ಸಿನ ಸಿಂಹಾಸನ ಹೆಣ್ಣಿಗೆ ಸಲ್ಲದು ಎಂದು ಹೇಳಿಸಿದ. ಅವನಿಗೂ ಗಂಡುಸಂತಾನ ಉಳಿಯಲಿಲ್ಲ, ಅವನ ತಮ್ಮನಿಗೂ ಉಳಿಯಲಿಲ್ಲ. 1314ರಿಂದ 1328ರೊಳಗೆ ಹತ್ತನೇ ಲೂಯಿಯ ಅಪ್ಪ, ಆ ಅಪ್ಪನ ಮೂವರು ಮಕ್ಕಳು, ಒಬ್ಬ ಮೊಮ್ಮಗ, ಐವರು ರಾಜರು ಸತ್ತರು. 1314ರಲ್ಲಿ ಟೆಂಪ್ಲರ್ ಯೋಧಸನ್ಯಾಸಿಗಳ ಮುಖ್ಯಸ್ಥನನ್ನು ಅಪ್ಪ ಸುಡಿಸಿದಾಗ, ಬೆಂಕಿಯೊಳಗಿಂದ ಅವನು ಶಾಪ ಹಾಕಿದ ಎಂಬ ಕಥೆ ಹುಟ್ಟಿತು. ಶ್ರೀರಂಗಪಟ್ಟಣದಲ್ಲಿ ಹುಟ್ಟಿದವನಿಗೆ ಮೈಸೂರು ಅರಸರಿಗೆ ಶಾಪ ಕೊಟ್ಟಳೆನ್ನುವ ಅಲಮೇಲಮ್ಮನ ನೆನಪಾಗದೆ ಇರುತ್ತದೆಯೇ? ಗಂಡುಮಕ್ಕಳಿಲ್ಲದ ಅರಮನೆಗೆ ಎಲ್ಲ ಊರಿನಲ್ಲೂ ಜನ ಒಂದು ಶಾಪವನ್ನು ಹುಡುಕಿಕೊಡುತ್ತಾರೆ.

ಈಗ ಇಂಗ್ಲೆಂಡಿನ ಮೂರನೇ ಎಡ್ವರ್ಡ್ ಎದ್ದ. ಅವನ ತಾಯಿ ಇಸಬೆಲ್ಲಾ ಸತ್ತ ಮೂವರು ರಾಜರ ಒಡಹುಟ್ಟಿದವಳು. ಹೆಣ್ಣು ಪಟ್ಟವೇರದಿದ್ದರೆ ಬೇಡ, ಅವಳ ಮಗ ಏರಬಾರದೇ ಎಂಬುದು ಅವನ ವಾದ. ತನಗಿಲ್ಲದ ಹಕ್ಕನ್ನು ಹೆಣ್ಣು ಮಗನಿಗೆ ದಾಟಿಸಲಾರಳು ಎಂದು ಫ್ರೆಂಚರು ಉತ್ತರ ಕೊಟ್ಟು, ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳ ಪೈಕಿ ವಾಲ್ವಾ ಮನೆಯ ಫಿಲಿಪ್‌ನನ್ನು ತಂದರು. ಆಮೇಲೆ ಯಾರೋ ಪಂಡಿತರು ಫ್ರಾಂಕ್ ಜನರ ಹಳೆಯ ಸ್ಯಾಲಿಕ್ ಕಾನೂನನ್ನು ಹುಡುಕಿ ತೆಗೆದು, ಅದರಲ್ಲಿ ಜಮೀನಿನ ಬಗ್ಗೆ ಇದ್ದ ಒಂದು ಮಾತನ್ನು ಸಿಂಹಾಸನಕ್ಕೆ ಹೊಂದಿಸಿದರು. 1337ರಲ್ಲಿ ಶುರುವಾದ ಕಾದಾಟ 1453ರವರೆಗೆ ಎಳೆಯಿತು. ನೂರು ವರ್ಷಗಳ ಯುದ್ಧ ಎಂದು ನಾನು ಪಾಠ ಮಾಡಿದ್ದು ಇದನ್ನೇ. ಅದರ ಬುಡದಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳಿದ್ದಾಳೆ ಎಂದು ನಾನು ಒಂದು ತರಗತಿಗೂ ಹೇಳಿರಲಿಲ್ಲ. ಯುದ್ಧದ ನಡುವೆ 1431ರಲ್ಲಿ ಇಂಗ್ಲೆಂಡಿನ ಆರನೇ ಹೆನ್ರಿಗೆ ಪ್ಯಾರಿಸ್ಸಿನ ನೋತ್ರ್ ದಾಮ್‌ನಲ್ಲೇ ಫ್ರಾನ್ಸಿನ ಪಟ್ಟ ಕಟ್ಟಿದ್ದರು. ಅವನೂ ಲೆಕ್ಕಕ್ಕಿಲ್ಲ. ಇಂಗ್ಲೆಂಡಿನ ರಾಜರಾದರೋ 1801ರವರೆಗೂ ತಮ್ಮ ಬಿರುದಿನಲ್ಲಿ ಫ್ರಾನ್ಸಿನ ರಾಜ ಎಂದು ಬರೆದುಕೊಳ್ಳುತ್ತಲೇ ಇದ್ದರು. ನಮ್ಮ ಊರಿನ ಕೋಟೆಗೆ 1799ರಲ್ಲಿ ನುಗ್ಗಿದ ಸೈನ್ಯದ ಒಡೆಯ ಮೂರನೇ ಜಾರ್ಜ್ ಕೂಡ ಅಂದು ಕಾಗದದ ಮೇಲೆ ಫ್ರಾನ್ಸಿನ ರಾಜನೇ!

ವಾಲ್ವಾ ಮನೆಯವರ ಬಗ್ಗೆ ಹೆಚ್ಚು ಹೇಳಲಾರೆ, ಅವರ ಸಮಾಧಿಗಳು ಮಾತ್ರ ಕಣ್ಣಿಂದ ಹೋಗುವುದಿಲ್ಲ. ಹನ್ನೆರಡನೇ ಲೂಯಿಯ ಸಮಾಧಿಗೆ ಎರಡು ಅಂತಸ್ತು. ಮೇಲೆ ರಾಜರಾಣಿಯರು ಮಂಡಿಯೂರಿ ಪ್ರಾರ್ಥಿಸುತ್ತಾರೆ. ಕೆಳಗೆ ಅದೇ ಇಬ್ಬರ ಬೆತ್ತಲೆ ಹೆಣ, ಕರುಳು ತೆಗೆದು ಹೊಟ್ಟೆಗೆ ಹಾಕಿದ ಹೊಲಿಗೆಯ ಸಮೇತ. ಮಗಳು ಮುಖ ತಿರುಗಿಸಿದಳು. ನನಗೆ ಇಡೀ ಇಗರ್ಜಿಯಲ್ಲಿ ಸುಳ್ಳು ಹೇಳದ ಕಲ್ಲು ಅದೊಂದೇ ಅನ್ನಿಸಿತು.

1589ರಲ್ಲಿ ಮೂರನೇ ಹೆನ್ರಿಯನ್ನು ಒಬ್ಬ ಸನ್ಯಾಸಿ ಚಾಕುವಿನಿಂದ ಇರಿದ. ಅವನಿಗೆ ಮಕ್ಕಳಿರಲಿಲ್ಲ. ಗಂಡಿನಿಂದ ಗಂಡಿಗೆ ಎಂಬ ಸೂತ್ರ ಹಿಡಿದು ಹುಡುಕಿದಾಗ ಸಿಕ್ಕವನು ಬೂರ್ಬನ್ ಮನೆಯ ಹೆನ್ರಿ. ಇಬ್ಬರಿಗೂ ಸಮಾನ ಮೂಲಪುರುಷ ಯಾರು ಎಂದರೆ 1270ರಲ್ಲಿ ಸತ್ತ ಒಂಬತ್ತನೇ ಲೂಯಿ! ಮುನ್ನೂರು ವರ್ಷ ಹಿಂದಕ್ಕೆ ಹೋಗಿ ದಾಯಾದಿಯನ್ನು ಹಿಡಿದು ತಂದದ್ದು. ಅವನೋ ಪ್ರಾಟೆಸ್ಟೆಂಟ್. ಕಟ್ಟಾ ಕ್ಯಾಥೊಲಿಕರು ಒಪ್ಪದೆ ಅವನ ಚಿಕ್ಕಪ್ಪನಾದ ವೃದ್ಧ ಕಾರ್ಡಿನಲ್‌ನನ್ನು ಹತ್ತನೇ ಚಾರ್ಲ್ಸ್ ಎಂದು ಸಾರಿ ಅವನ ಹೆಸರಿನಲ್ಲಿ ನಾಣ್ಯ ಹೊಡೆಸಿದರು. ಆ ಚಾರ್ಲ್ಸ್ ಕೂಡ ಲೆಕ್ಕಕ್ಕೆ ಬರಲಿಲ್ಲ. 1593ರ ಜುಲೈ 25ರಂದು ಹೆನ್ರಿ ಇದೇ ಸ್ಯಾಂ ದೆನಿಗೆ ಬಂದು ಕ್ಯಾಥೊಲಿಕ್ ಆದ. ಮುಂದಿನ ವರ್ಷ ಪ್ಯಾರಿಸ್ ಬಾಗಿಲು ತೆರೆಯಿತು.

ಬೂರ್ಬನ್ನರಿಗೆ ಇಲ್ಲಿ ಕಲ್ಲಿನ ಮಂಚಗಳಿಲ್ಲ. ನೆಲಮಾಳಿಗೆಯಲ್ಲಿ ಕಬ್ಬಿಣದ ಕಾಲುಗಳ ಮೇಲೆ ಸೀಸದ ಪೆಟ್ಟಿಗೆಗಳನ್ನು ಸಾಲಾಗಿ ಇಡುತ್ತಿದ್ದರು. ಅದರಲ್ಲಿ ಒಂದು ಪದ್ಧತಿ: ಕೊನೆಗೆ ಸತ್ತ ರಾಜನ ಪೆಟ್ಟಿಗೆ ಬಾಗಿಲ ಬಳಿಯೇ ಇರಬೇಕು. ಮುಂದಿನ ರಾಜ ಸತ್ತು ಬಂದಾಗಷ್ಟೇ ಅದು ಒಳಗೆ ಹೋಗುವುದು. ಹದಿನಾಲ್ಕನೇ ಲೂಯಿ 72 ವರ್ಷ ಆಳಿ, ಮಗ, ಮೊಮ್ಮಗ, ಹಿರಿಯ ಮರಿಮಗ ಎಲ್ಲರನ್ನೂ ಕಳೆದುಕೊಂಡು, 1715ರಲ್ಲಿ ಸತ್ತಾಗ ಉಳಿದಿದ್ದವನು ಐದು ವರ್ಷದ ಮರಿಮಗ. 1712ರಲ್ಲಿ ಮನೆಗೆಲ್ಲ ದಡಾರ ಬಡಿದಾಗ ಈ ಮಗುವನ್ನು ವೈದ್ಯರ ಕೈಗೆ ಕೊಡದೆ ಬಚ್ಚಿಟ್ಟು ಸಾಕಿ ಉಳಿಸಿದವಳು ಅವನ ದಾದಿ ಮದಾಂ ದ ವಾಂತದೂರ್. ವೈದ್ಯರು ರಕ್ತ ಹರಿಸಿ ಹರಿಸಿ ಅವನ ಅಣ್ಣನನ್ನು ಮುಗಿಸಿದ್ದರು. ಆ ಮರಿಮಗನೇ ಹದಿನೈದನೇ ಲೂಯಿ. 1774ರಲ್ಲಿ ಸತ್ತ ಅವನ ಪೆಟ್ಟಿಗೆಯನ್ನು ಪದ್ಧತಿಯಂತೆ ಬಾಗಿಲ ಬಳಿ ಇಟ್ಟರು.

ಇನ್ನು ನಮ್ಮ ಊರಿನ ನಂಟಿನ ಮಾತು. ಹದಿನಾರನೇ ಲೂಯಿಯ ಬಳಿಗೆ ಟಿಪ್ಪು ಸುಲ್ತಾನ್ ಮೂವರು ರಾಯಭಾರಿಗಳನ್ನು ಕಳಿಸಿದ್ದ: ಮೊಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮೊಹಮ್ಮದ್ ಉಸ್ಮಾನ್ ಖಾನ್. 1787ರ ಜುಲೈನಲ್ಲಿ ಪುದುಚೇರಿಯಿಂದ ಹಡಗು ಹತ್ತಿದವರು ಫ್ರಾನ್ಸಿನ ತೂಲೋನ್ ಬಂದರು ಮುಟ್ಟಿದ್ದು ಮರುವರ್ಷದ ಜೂನ್‌ನಲ್ಲಿ. ಇಂಗ್ಲಿಷರ ವಿರುದ್ಧ ಸೈನ್ಯ ಬೇಕು, ಜೊತೆಗೆ ಕುಶಲ ಕೆಲಸಗಾರರು, ಗಿಡದ ಬೀಜಗಳು ಬೇಕು ಎಂಬುದು ಕೋರಿಕೆ. 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ದರ್ಬಾರು ನಡೆಯಿತು. ನೋಡಲು ಜನಜಾತ್ರೆ. ಆದರೆ ಆ ವಾರ ಅರಮನೆಯೊಳಗೆ ಏನಾಗುತ್ತಿತ್ತು? ಎರಡು ದಿನದ ಹಿಂದೆ, ಆಗಸ್ಟ್ 8ರಂದು, ದುಡ್ಡಿಲ್ಲದ ಸರ್ಕಾರ ಎಸ್ಟೇಟ್ಸ್ ಜನರಲ್ ಸಭೆ ಕರೆಯುವುದಾಗಿ ಸಾರಿತ್ತು. ಆರು ದಿನ ಬಿಟ್ಟು, ಆಗಸ್ಟ್ 16ರಂದು, ಖಜಾನೆ ಸಾಲಗಾರರಿಗೆ ನಗದು ಕೊಡುವುದನ್ನು ನಿಲ್ಲಿಸಿತು. ಸೈನ್ಯ ಕೇಳಲು ಹೋದವರಿಗೆ ಸೇವ್ರ್ ಕಾರ್ಖಾನೆಯ ಪಿಂಗಾಣಿ ಸಿಕ್ಕಿತು. ದರ್ವೇಶ್ ಖಾನ್‌ನ ಚಿತ್ರವನ್ನು ರಾಣಿಯ ಚಿತ್ರಕಾರ್ತಿ ವಿಜೆ ಲ ಬ್ರ್ಯಾಂ ಬರೆದಳು; ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು ನಿಂತ ಆಜಾನುಬಾಹು. ಆ ದರ್ಬಾರು ನಡೆದು ಸರಿಯಾಗಿ ನಾಲ್ಕು ವರ್ಷಕ್ಕೆ, 1792ರ ಅದೇ ಆಗಸ್ಟ್ 10ರಂದು, ಪ್ಯಾರಿಸ್ಸಿನ ಜನ ಟ್ಯುಯಿಲರಿ ಅರಮನೆಗೆ ನುಗ್ಗಿದರು. ರಾಜತ್ವ ಬಿತ್ತು.

ಬೀಳುವುದಕ್ಕೆ ಮುಂಚೆ ಬಿರುದು ಇನ್ನೊಮ್ಮೆ ತಿರುಗಿತ್ತು. 1791ರ ಸಂವಿಧಾನದಲ್ಲಿ ಲೂಯಿ ಫ್ರಾನ್ಸಿನ ರಾಜನಲ್ಲ, ಫ್ರೆಂಚ್ ಜನರ ರಾಜ. ಫಿಲಿಪ್ ಆಗಸ್ಟಸ್ ಕಾಲದಲ್ಲಿ ಜನರಿಂದ ನೆಲಕ್ಕೆ ಹೋಗಿದ್ದ ಮಾತು ಆರುನೂರು ವರ್ಷ ಬಿಟ್ಟು ಜನರ ಹತ್ತಿರ ವಾಪಸು ಬಂತು. ವಿಚಾರಣೆಯಲ್ಲಿ ಅದೂ ಹೋಗಿ ಲೂಯಿ ಕಾಪೆ ಎಂದು ಕೂಗಿದರು. ಅದು ನನ್ನ ಹೆಸರಲ್ಲ, ನನ್ನ ಪೂರ್ವಿಕನೊಬ್ಬನ ಹೆಸರು ಎಂದು ಅವನು ತಕರಾರು ತೆಗೆದ. 1793ರ ಜನವರಿ 21ರಂದು ತಲೆ ಹೋಯಿತು. ಶವ ಮದ್ಲೆನ್ ಸ್ಮಶಾನದ ಗುಂಡಿಗೆ, ಸ್ಯಾಂ ದೆನಿಗಲ್ಲ. ಹಾಗಾಗಿ ಹದಿನೈದನೇ ಲೂಯಿ ಬಾಗಿಲ ಬಳಿ ಕಾಯುತ್ತಲೇ ಉಳಿದ. ಆ ಅಕ್ಟೋಬರ್‌ನಲ್ಲಿ ಬಂದವರು ಬೇರೆಯವರು. ಗುಂಡು ಎರಕ ಹೊಯ್ಯಲು ಸೀಸ ಬೇಕಿತ್ತು. ಸಮಾಧಿಗಳನ್ನು ಒಡೆದು ಪೆಟ್ಟಿಗೆ ತೆಗೆದರು. ನಾಲ್ಕನೇ ಹೆನ್ರಿಯ ದೇಹ 183 ವರ್ಷದ ಮೇಲೂ ಕೆಡದೆ ಇತ್ತು. ಎತ್ತಿ ನಿಲ್ಲಿಸಿ ಜನರಿಗೆ ತೋರಿಸಿದರು. ಅಕ್ಟೋಬರ್ 16ರಂದು ಹದಿನೈದನೇ ಲೂಯಿಯ ಪೆಟ್ಟಿಗೆ ಹೊರಗೆ ಬಂತು. ಅದೇ ದಿನ ಪ್ಯಾರಿಸ್ಸಿನಲ್ಲಿ ಅವನ ಮೊಮ್ಮಗನ ಹೆಂಡತಿ ಮಾರಿ ಆಂತ್ವಾನೆತ್‌ಳನ್ನು ಗಿಲೋಟಿನ್‌ಗೆ ಒಯ್ದರು. ರಾಜರ ಮೂಳೆಗಳೆಲ್ಲ ಇಗರ್ಜಿಯ ಪಕ್ಕದ ಎರಡು ಗುಂಡಿಗಳಿಗೆ ಬಿದ್ದು ಸುಣ್ಣದ ಕೆಳಗೆ ಕಲೆತುಹೋದವು. ಒಂಬತ್ತನೇ ಲೂಯಿ ಉಳಿಯಲ್ಲಿ ಮಾಡಲು ಹೊರಟಿದ್ದ ಕೆಲಸ, ಎಲ್ಲ ಮನೆಗಳನ್ನೂ ಒಂದು ಮಾಡುವುದು, ಹೀಗೆ ಪಿಕಾಸಿಯಲ್ಲಿ ಪೂರ್ತಿಯಾಯಿತು. ಕಲ್ಲಿನ ಪ್ರತಿಮೆಗಳು ಉಳಿದದ್ದು ಅಲೆಕ್ಸಾಂದ್ರ್ ಲನ್ವಾರ್ ಎಂಬವನು ಅವನ್ನು ಒಂದು ಮ್ಯೂಸಿಯಮ್ಮಿಗೆ ಸಾಗಿಸಿದ್ದರಿಂದ. ಇಂದು ನಾವು ಟಿಕೆಟ್ ಕೊಟ್ಟು ನೋಡುವ ಮಂಚಗಳ ಕೆಳಗೆ ಯಾರೂ ಇಲ್ಲ.

ಹದಿನೇಳನೇ ಲೂಯಿ ಎಲ್ಲಿ ಹೋದ ಎಂದರೆ, ಎಲ್ಲಿಗೂ ಹೋಗಲಿಲ್ಲ. ಟೆಂಪಲ್ ಎಂಬ ಸೆರೆಮನೆಯ ಗೋಪುರದಲ್ಲಿ ಇದ್ದ. ತಂದೆಯ ತಲೆ ಬಿದ್ದಾಗ ಅವನಿಗೆ ಎಂಟು ತುಂಬಿರಲಿಲ್ಲ. ತಾಯಿ ಮಗನ ಮುಂದೆ ಮಂಡಿಯೂರಿ ರಾಜನೆಂದು ವಂದಿಸಿದಳು ಎನ್ನುತ್ತಾರೆ. ಜುಲೈನಲ್ಲಿ ಅವನನ್ನು ಅವಳಿಂದ ಬಿಡಿಸಿ ಸಿಮೋನ್ ಎಂಬ ಚಮ್ಮಾರನ ಸುಪರ್ದಿಗೆ ಕೊಟ್ಟರು. ಸಿಮೋನ್ ಹೋದ ಮೇಲೆ ತಿಂಗಳುಗಟ್ಟಲೆ ಒಂಟಿ ಕೋಣೆ. 1795ರ ಜೂನ್ 8ರಂದು ಕ್ಷಯದಿಂದ ಸತ್ತ, ಹತ್ತು ವರ್ಷಕ್ಕೆ. ಒಂದು ದಿನವೂ ಆಳಲಿಲ್ಲ, ಎಣ್ಣೆ ಬೀಳಲಿಲ್ಲ, ಕಿರೀಟ ಮುಟ್ಟಲಿಲ್ಲ. ಅಂಕಿ ಕೊಟ್ಟವನು ಪರದೇಶದಲ್ಲಿ ತಲೆಮರೆಸಿಕೊಂಡಿದ್ದ ಅವನ ಚಿಕ್ಕಪ್ಪ. ಸುದ್ದಿ ಮುಟ್ಟಿದ ಕೂಡಲೇ ತಾನು ಹದಿನೆಂಟನೇ ಲೂಯಿ ಎಂದು ಸಾರಿಕೊಂಡ. 1814ರಲ್ಲಿ ನೆಪೋಲಿಯನ್ ಬಿದ್ದು ಇವನು ನಿಜವಾಗಿ ಪ್ಯಾರಿಸ್ಸಿಗೆ ಬಂದಾಗ ಹೊರಡಿಸಿದ ಸಂವಿಧಾನದ ಕೆಳಗೆ ತನ್ನ ಆಳ್ವಿಕೆಯ ಹತ್ತೊಂಬತ್ತನೇ ವರ್ಷ ಎಂದು ಬರೆಸಿದ. ಕ್ರಾಂತಿ, ಗಣರಾಜ್ಯ, ನೆಪೋಲಿಯನ್, ಯಾವುದೂ ನಡೆದೇ ಇಲ್ಲ! ನನ್ನ ವಿದ್ಯಾರ್ಥಿ ಕಂಡ ಆ ಖಾಲಿ ಅಂಕಿ ಅಷ್ಟು ದೊಡ್ಡ ಮಾತು ಹೇಳುತ್ತಿತ್ತು.

ಹದಿನೆಂಟನೇ ಲೂಯಿಯ ತಮ್ಮ ಹತ್ತನೇ ಚಾರ್ಲ್ಸ್ ಎಂಬ ಹೆಸರು ಹಿಡಿದ, ಕಾರ್ಡಿನಲ್‌ನನ್ನು ಅಳಿಸಿದಂತಾಯಿತು. 1830ರಲ್ಲಿ ಅವನನ್ನು ಓಡಿಸಿದ ಮೇಲೆ ಬಂದ ಲೂಯಿ ಫಿಲಿಪ್‌ಗೆ ಏಳನೇ ಫಿಲಿಪ್ ಆಗು ಎಂದು ಕೆಲವರು ಹೇಳಿದರು. ಹಳೆಯ ಸಾಲಿಗೆ ಸೇರಲು ಅವನು ಒಲ್ಲೆನೆಂದ. ಫ್ರೆಂಚ್ ಜನರ ರಾಜ ಎಂಬ ಬಿರುದನ್ನೇ ಇಟ್ಟುಕೊಂಡ. 1848ರಲ್ಲಿ ಅವನೂ ಓಡಬೇಕಾಯಿತು, ಆದರೆ ಆ ಒಂದು ನಿರ್ಧಾರಕ್ಕೆ ನಾನು ಅವನಿಗೆ ಪೂರ್ತಿ ಅಂಕ ಕೊಡುತ್ತೇನೆ.

ಟೆಂಪಲ್ ಸೆರೆಮನೆಯಲ್ಲಿ ಸತ್ತ ಹುಡುಗನ ಶವಪರೀಕ್ಷೆ ಮಾಡಿದ ವೈದ್ಯ ಪೆಲ್ತಾಂ ಅವನ ಹೃದಯವನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಹೋದ. ಮನೆಯಲ್ಲಿ ಮದ್ಯಸಾರದಲ್ಲಿಟ್ಟ. ಒಬ್ಬ ಶಿಷ್ಯ ಅದನ್ನು ಕದ್ದ; ಆ ಶಿಷ್ಯ ಸತ್ತ ಮೇಲೆ ಅವನ ಮನೆಯವರು ತಂದುಕೊಟ್ಟರು. 1830ರ ದಂಗೆಯಲ್ಲಿ ಆರ್ಚ್‌ಬಿಷಪ್ಪರ ಮನೆಯಲ್ಲಿದ್ದ ಅದರ ಸ್ಫಟಿಕದ ಪಾತ್ರೆ ಒಡೆಯಿತು. ವೈದ್ಯನ ಮಗ ಕಸದ ರಾಶಿಯಲ್ಲಿ ಹುಡುಕಿ ತೆಗೆದ. ಆಸ್ಟ್ರಿಯಾಕ್ಕೆ ಹೋಗಿ, 1975ರಲ್ಲಿ ಸ್ಯಾಂ ದೆನಿಗೆ ಬಂತು. ಈ ನಡುವೆ ನಾನೇ ತಪ್ಪಿಸಿಕೊಂಡ ಹದಿನೇಳನೇ ಲೂಯಿ ಎಂದು ಹೇಳಿಕೊಂಡು ಬಂದವರು ಹತ್ತಾರು ಮಂದಿ. ಕೊನೆಗೆ 2000ನೇ ಇಸವಿಯಲ್ಲಿ ಡಿಎನ್‌ಎ ಪರೀಕ್ಷೆ ಮಾಡಿ, ಮಾರಿ ಆಂತ್ವಾನೆತ್‌ಳ ಕೂದಲು ಮತ್ತು ಅವಳ ತವರಿನ ಹೆಣ್ಣುಸಂತತಿಯೊಂದಿಗೆ ಹೋಲಿಸಿ ನೋಡಿದರು. ಹೊಂದಿತು. ಪರೀಕ್ಷಿಸಿದ್ದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಡಿಎನ್‌ಎಯನ್ನು. ಹೆಣ್ಣಿನ ಮೂಲಕ ಏನೂ ದಾಟದು ಎಂದು ನೂರು ವರ್ಷ ಕಾದಾಡಿದ ಸಿಂಹಾಸನದ ಹುಡುಗನಿಗೆ ಗುರುತು ಸಿಕ್ಕಿದ್ದು ಅಮ್ಮ, ಅಜ್ಜಿ, ಚಿಕ್ಕಮ್ಮಂದಿರ ಕಡೆಯಿಂದ. ನಾಲ್ಕು ವರ್ಷದ ಜಾನಳಿಗೆ ಇದನ್ನು ಯಾರಾದರೂ ಹೇಳಬೇಕಿತ್ತು.

2004ರ ಜೂನ್ 8ರಂದು ಹೃದಯವನ್ನು ಇಲ್ಲಿನ ನೆಲಮಾಳಿಗೆಯಲ್ಲಿ ಇಟ್ಟರು. ಗಾಜಿನ ಪಾತ್ರೆಯೊಳಗೆ ಒಣಗಿದ ಒಂದು ಮುದ್ದೆ, ಕಲ್ಲಿನ ಹಾಗೆ. ನಾನು ಫೋಟೋ ತೆಗೆದೆ. ಆಲೆಮನೆಯ ಹುಡುಗ ಈಗ ಐವತ್ತು ದಾಟಿದವನು, ಅಪ್ಪನ ಆಲೆಮನೆಯನ್ನು ತಾನೇ ನಡೆಸುತ್ತಾನೆ. ಅವನ ನಂಬರ್ ನನ್ನ ಬಳಿ ಇತ್ತು. ಫೋಟೋ ಕಳಿಸಿ ಕೆಳಗೆ ಬರೆದೆ: "ಹದಿನೇಳನೇ ಲೂಯಿ ಸಿಕ್ಕಿದ. ಅವತ್ತು ನನಗೆ ಗೊತ್ತಿರಲಿಲ್ಲ, ತಪ್ಪು ತಿಳ್ಕೋಬೇಡ." ಹತ್ತು ನಿಮಿಷಕ್ಕೆ ಧ್ವನಿಸಂದೇಶ ಬಂತು, ಹಿಂದೆ ಗಾಣದ ಸದ್ದು.

"ಸಾ, ನೋಡ್ದೆ ಸಾ. ನೆಪ್ಪಲ್ಲಿ ಇಟ್ಕೊಂಡಿದ್ರಲ್ಲ, ಅದೇ ದೊಡ್ದು. ಅವತ್ತು ನೀವು ಮೊದಲ್ನೇ ನೆಪೋಲಿಯನ್, ಮೂರ್ನೇ ನೆಪೋಲಿಯನ್ ಅಂತಾನೂ ಬರೆದಿದ್ರಿ. ಎರಡ್ನೇವ್ನು ಎಲ್ಲೋದ?"

ಈ ಸಲ ಉತ್ತರ ಗೊತ್ತಿತ್ತು. ಎರಡನೆಯವನು ನೆಪೋಲಿಯನ್‌ನ ಮಗ. 1815ರಲ್ಲಿ ಅಪ್ಪ ಪಟ್ಟ ಬಿಡುವಾಗ ಮುಂದಿನವನೆಂದು ನಾಲ್ಕು ವರ್ಷದ ಅವನ ಹೆಸರು ಹೇಳಿದ. 1832ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ, ವಿಯೆನ್ನಾದಲ್ಲಿ ಅವನೂ ಕ್ಷಯದಿಂದಲೇ ಸತ್ತ. 1940ರಲ್ಲಿ ಹಿಟ್ಲರ್ ಅವನ ದೇಹವನ್ನು ಪ್ಯಾರಿಸ್ಸಿಗೆ ಕಳಿಸಿಕೊಟ್ಟ. ಹೃದಯ ವಿಯೆನ್ನಾದಲ್ಲೇ ಇದೆ.